ವೃದ್ಧಾಶ್ರಮದಲ್ಲಿ ಮೊದಲು ಹಾಸಿಗೆ ಹಿಡಿದವರನ್ನು ನೋಡಿ: ಆರೈಕೆಯ ಗುಣಮಟ್ಟ ತಿಳಿಯುವ ಬಗೆ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಅನೇಕ ಮನೆಗಳ ಮಕ್ಕಳು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ನೆಲೆಸಿದ್ದಾರೆ. ಊರಿನಲ್ಲಿ ಉಳಿದ ತಾಯಿಗೆ ಲಕ್ವಾ ಹೊಡೆದಾಗ, ಇಲ್ಲವೇ ತಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಹಗಲಿರುಳು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಆಸ್ಪತ್ರೆಯವರು ಡಿಸ್ಚಾರ್ಜ್ ಚೀಟಿ ಬರೆಯುವ ಹೊತ್ತಿಗೆ, ಎರಡು ಮೂರು ದಿನಗಳ ಅವಸರದಲ್ಲಿ, ಯಾವುದೋ ಒಂದು ವೃದ್ಧಾಶ್ರಮ ಗೊತ್ತಾಗಿಬಿಡುತ್ತದೆ. ಅಂಥ ಅವಸರದಲ್ಲಿ ಕಣ್ಣಿಗೆ ಬೀಳುವುದು ಹೊಸ ಟೈಲ್ಸ್, ಮುಂಭಾಗದ ಹೂದೋಟ, ದೇವರ ಕೋಣೆ ಮತ್ತು ವ್ಯವಸ್ಥಾಪಕರ ವಿನಯದ ಮಾತು. ಇವು ಬೇಡವೆಂದಲ್ಲ, ಆದರೆ ಅಲ್ಲಿನ ಆರೈಕೆ ಹೇಗಿದೆ ಎಂಬುದು ಇವುಗಳಿಂದ ತಿಳಿಯುವುದಿಲ್ಲ.

ಎದ್ದು ಓಡಾಡುವ, ಮಾತನಾಡುವ, ಮಕ್ಕಳಿಗೆ ಫೋನ್ ಮಾಡಬಲ್ಲ ಹಿರಿಯರು ಸಾಧಾರಣ ಆಶ್ರಮದಲ್ಲೂ ತಮಗೆ ಬೇಕಾದ್ದನ್ನು ಕೇಳಿ ಪಡೆಯುತ್ತಾರೆ. ತಾವಾಗಿ ಮಗ್ಗುಲು ಬದಲಿಸಲಾರದ, ನೀರು ಬೇಕೆಂದು ಹೇಳಲಾರದ ವ್ಯಕ್ತಿಗೆ ಅಲ್ಲಿ ಏನಾಗುತ್ತಿದೆ ಎಂಬುದೇ ಆ ಸಂಸ್ಥೆಯ ನಿಜವಾದ ಗುಣಮಟ್ಟ. ಇಂದು ಕೋಲೂರಿಕೊಂಡು ನಡೆಯುವ ನಿಮ್ಮ ತಂದೆಯೂ ಮುಂದೆ ಅಂಥ ಹಾಸಿಗೆಯಲ್ಲೇ ಮಲಗಬೇಕಾಗಬಹುದು. ಆದ್ದರಿಂದ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ತಮಗೆ ಬೇಕಾದ್ದನ್ನು ಕೇಳಲಾರದವರನ್ನು ಗಮನದಲ್ಲಿಟ್ಟುಕೊಂಡೇ ನೋಡಬೇಕೆಂದು ನನ್ನ ಕೋರಿಕೆ.

ಹೆಜ್ಜೆ 1: ಹೋಗುವ ಮೊದಲು ಬರೆದುಕೊಳ್ಳಿ

ನಿಮ್ಮ ಹಿರಿಯರಿಗೆ ಯಾವ ಕೆಲಸಕ್ಕೆ ಎಷ್ಟು ನೆರವು ಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸ್ನಾನ, ಶೌಚ, ಬಟ್ಟೆ, ಊಟ, ಹಾಸಿಗೆಯಿಂದ ಏಳುವುದು, ಮೂತ್ರದ ಹತೋಟಿ ಇವಿಷ್ಟರಲ್ಲಿ ಅವರೇ ಮಾಡಿಕೊಳ್ಳುವುದು ಯಾವುದು, ಒಬ್ಬರ ಆಸರೆ ಬೇಕಾದದ್ದು ಯಾವುದು, ಪೂರ್ತಿ ಇನ್ನೊಬ್ಬರೇ ಮಾಡಬೇಕಾದದ್ದು ಯಾವುದು ಎಂಬುದು ಸ್ಪಷ್ಟವಾಗಲಿ. ಇದರ ಜೊತೆಗೆ ಕಾಯಿಲೆಗಳು, ಮಾತ್ರೆಗಳು, ಯಾವ ಭಾಷೆಯಲ್ಲಿ ಮನಸ್ಸು ಬಿಚ್ಚಿ ಮಾತನಾಡುತ್ತಾರೆ ಎಂಬುದನ್ನೂ ಸೇರಿಸಿ. ಭಾಷೆಯ ಮಾತನ್ನು ಸಣ್ಣದೆಂದು ಬಿಡಬೇಡಿ. ನಮ್ಮ ಭಾಗದಲ್ಲಿ ಮನೆಮಾತು ತೆಲುಗು, ಉರ್ದು ಅಥವಾ ಲಂಬಾಣಿ ಆಗಿರುವ ಹಿರಿಯರು ಬಹಳ ಜನ. ಮರೆವಿನ ಕಾಯಿಲೆ ಬಲಿತಂತೆ ನಂತರ ಕಲಿತ ಭಾಷೆ ಮೊದಲು ಜಾರಿ, ಬಾಲ್ಯದ ಮಾತಷ್ಟೇ ಉಳಿಯುವುದುಂಟು. ಆ ಮಾತು ತಿಳಿಯುವ ಒಬ್ಬ ಆಯಾ ಕೂಡ ಇಲ್ಲದ ಕಡೆ, ಹೊಟ್ಟೆನೋವು ಎಂದು ಹೇಳುವುದೂ ಕೂಗಾಟವಾಗಿ ಕೇಳಿಸುತ್ತದೆ.

ಹೆಜ್ಜೆ 2: ಕಾಗದಪತ್ರ ಕೇಳಿ

ವಸತಿ ಮತ್ತು ಊಟವನ್ನಷ್ಟೇ ಕೊಡುವ ಆಶ್ರಮಕ್ಕೂ, ಚಿಕಿತ್ಸೆ ಮತ್ತು ಶುಶ್ರೂಷೆಯನ್ನೂ ಕೊಡುತ್ತೇವೆನ್ನುವ ಕೇಂದ್ರಕ್ಕೂ ವ್ಯತ್ಯಾಸವಿದೆ. ಮೊದಲನೆಯದಾದರೆ ಟ್ರಸ್ಟ್ ಅಥವಾ ಸಂಘದ ನೋಂದಣಿ ಪತ್ರವನ್ನು, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯೊಂದಿಗೆ ಅವರಿಗಿರುವ ಸಂಬಂಧದ ದಾಖಲೆಯನ್ನು ಕೇಳಿ. ಎರಡನೆಯದಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಅಡಿಯ ನೋಂದಣಿ ಇರಬೇಕು. ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ಎಂದು ನೋಡಿ. ಕಾಗದ ಸರಿಯಿದ್ದ ಮಾತ್ರಕ್ಕೆ ಆರೈಕೆ ಒಳ್ಳೆಯದೆಂದು ತಿಳಿಯಬೇಕಿಲ್ಲ, ಆದರೆ ಕಾಗದ ತೋರಿಸಲು ಹಿಂಜರಿಯುವವರ ಬಳಿ ಮುಂದಿನ ಹೆಜ್ಜೆಗಳ ಅಗತ್ಯವೇ ಇಲ್ಲ.

ಹೆಜ್ಜೆ 3: ಹಾಸಿಗೆ ಹಿಡಿದವರ ಕೋಣೆಗೆ ಹೋಗಿ

ಕಚೇರಿಯಲ್ಲಿ ಚಹಾ ಕುಡಿದು, ಹಾಲ್ ನೋಡಿ ಹಿಂದಿರುಗಬೇಡಿ. ನಿವಾಸಿಗಳ ಮರ್ಯಾದೆಗೆ ಭಂಗ ಬಾರದಂತೆ, ಅನುಮತಿ ಪಡೆದು, ಹೆಚ್ಚು ಆರೈಕೆ ಬೇಕಾದವರ ಕೋಣೆಯಲ್ಲಿ ಕಾಲು ಗಂಟೆ ಸುಮ್ಮನೆ ಕುಳಿತುಕೊಳ್ಳಿ.

ಮೊದಲು ಗಮನಿಸಬೇಕಾದದ್ದು ಹಾಸಿಗೆ ಹುಣ್ಣಿನ ವಿಷಯ. ಆಸ್ಪತ್ರೆಯವರು ಬೆಡ್ ಸೋರ್ ಎನ್ನುವ ಈ ಹುಣ್ಣು ಒಂದೇ ಭಂಗಿಯಲ್ಲಿ ಬಹಳ ಹೊತ್ತು ಮಲಗಿದಾಗ, ಮೂಳೆ ಒತ್ತುವ ಜಾಗಗಳಲ್ಲಿ ರಕ್ತ ಸಂಚಾರ ನಿಂತು ಆಗುತ್ತದೆ. ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ, ಹೆಗಲ ಹಿಂಭಾಗ ಇವು ಮುಖ್ಯ ಜಾಗಗಳು. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮವನ್ನು ಒದ್ದೆಯಾಗಿ ಬಿಡದಿರುವುದು ಮತ್ತು ಸಾಕಷ್ಟು ಪ್ರೋಟೀನ್ ಇರುವ ಊಟ, ಈ ಮೂರರಿಂದ ಬಹುಪಾಲು ಹುಣ್ಣುಗಳನ್ನು ತಡೆಯಬಹುದು. ಏರ್ ಬೆಡ್ ಇದೆ ಎಂದು ತೋರಿಸಿದರೆ ಅದರ ಮೋಟಾರು ಚಾಲನೆಯಲ್ಲಿದೆಯೇ, ಕರೆಂಟು ಹೋದಾಗ ಏನು ಮಾಡುತ್ತಾರೆ ಎಂದು ಕೇಳಿ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವ ಕೆಲಸ ತಪ್ಪುವುದಿಲ್ಲ. ಮಗ್ಗುಲು ಬದಲಿಸಿದ ಸಮಯವನ್ನು ಬರೆಯುವ ಹಾಳೆ ಮಂಚದ ಬಳಿ ಇದ್ದರೆ, ಈಗಿನ ಗಂಟೆಗೂ ಕೊನೆಯ ನಮೂದಿಗೂ ಎಷ್ಟು ಅಂತರವಿದೆ ಎಂದು ನೋಡಿ, ಹಾಳೆಯಲ್ಲಿ ಬರೆದ ಭಂಗಿಯಲ್ಲೇ ಆ ವ್ಯಕ್ತಿ ಮಲಗಿದ್ದಾರೆಯೇ ಎಂದೂ ಹೋಲಿಸಿ.

ವ್ಯವಸ್ಥಾಪಕರಿಗೆ ಈ ಪ್ರಶ್ನೆಯನ್ನು ತಪ್ಪದೆ ಕೇಳಿ: ಈಗ ಇಲ್ಲಿ ಎಷ್ಟು ಜನರಿಗೆ ಹಾಸಿಗೆ ಹುಣ್ಣಿದೆ, ಅದರಲ್ಲಿ ಇಲ್ಲಿಗೆ ಬಂದ ಮೇಲೆ ಆದದ್ದು ಎಷ್ಟು? ಸಂಖ್ಯೆಯನ್ನು ಹೇಳಿ, ಯಾವ ಔಷಧ ಹಚ್ಚುತ್ತಿದ್ದಾರೆ, ವೈದ್ಯರು ಯಾವಾಗ ನೋಡಿದರು ಎಂದು ವಿವರಿಸುವವರನ್ನು ನಾನು ನಂಬುತ್ತೇನೆ. ಹಾಸಿಗೆ ಹಿಡಿದವರು ಹತ್ತಾರು ಮಂದಿ ಇರುವ ಕಡೆ, ನಮ್ಮಲ್ಲಿ ಯಾರಿಗೂ ಎಂದೂ ಆಗಿಲ್ಲ ಎಂದು ತಟ್ಟನೆ ಹೇಳುವವರು ನೋಡಿಯೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಮಾತು: ಹುಣ್ಣಿನ ಮೊದಲ ಲಕ್ಷಣ ಒತ್ತಿದರೂ ಮಾಯವಾಗದ ಕೆಂಪು ಎಂದು ಪುಸ್ತಕಗಳಲ್ಲಿ ಇದೆ, ಆದರೆ ನಮ್ಮವರ ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಕಾಣುವುದಿಲ್ಲ. ಆ ಜಾಗ ಸುತ್ತಲಿಗಿಂತ ಕಪ್ಪಾಗಿ ಅಥವಾ ನೀಲಿಯಾಗಿ, ಬಿಸಿಯಾಗಿ, ಗಟ್ಟಿಯಾಗಿ ತೋರುತ್ತದೆ. ಇದನ್ನು ಬಲ್ಲ ಆಯಾ ಇದ್ದಾರೆಂದರೆ ಅಲ್ಲಿ ತರಬೇತಿ ನಡೆದಿದೆ ಎಂದು ತಿಳಿಯಬಹುದು.

ಬಳಿಕ ಸಣ್ಣ ಸಂಗತಿಗಳನ್ನು ನೋಡಿ. ನೀರಿನ ಲೋಟ ಕೈಗೆಟುಕುವಂತಿದೆಯೇ, ಕರೆಗಂಟೆ ಹಾಸಿಗೆಯಿಂದ ಮುಟ್ಟುವ ಹಾಗಿದೆಯೇ, ತುಟಿ ಒಡೆದು ನಾಲಗೆ ಒಣಗಿದೆಯೇ, ಉಗುರು ಕತ್ತರಿಸಿದ್ದಾರೆಯೇ, ಕನ್ನಡಕ ಮತ್ತು ಹಲ್ಲಿನ ಸೆಟ್ಟು ಅವರದ್ದೇ ಬಳಿ ಇವೆಯೇ? ಮೂತ್ರದ ಪೈಪು ಹಾಕಿದವರ ಚೀಲ ಮೂತ್ರಕೋಶಕ್ಕಿಂತ ಕೆಳಗೆ ತೂಗಿರಬೇಕು, ಆದರೆ ನೆಲಕ್ಕೆ ತಾಗಿರಬಾರದು. ಆಗತಾನೆ ಯಾರಿಗೋ ಬಟ್ಟೆ ಬದಲಿಸುತ್ತಿರುವಾಗ ವಾಸನೆ ಬರುವುದು ಸಹಜ. ಎಲ್ಲ ಕೋಣೆಯಲ್ಲೂ ಎಲ್ಲ ಹೊತ್ತೂ ಇರುವ ಮೂತ್ರದ ವಾಸನೆ, ಅಥವಾ ಅದನ್ನು ಮುಚ್ಚಲು ಸುರಿದ ಫಿನಾಯಿಲಿನ ಘಾಟು, ಡೈಪರ್ ಬದಲಿಸುವುದು ತಡವಾಗುತ್ತಿದೆ ಎಂಬುದನ್ನು ತಿಳಿಸುತ್ತದೆ.

ಸಿಬ್ಬಂದಿಯ ಮಾತು ಕೇಳಿಸಿಕೊಳ್ಳಿ. "ಅವ್ವಾ, ಈ ಕಡಿ ಹೊಳ್ಳಸ್ತೀನ್ರಿ" ಎಂದು ಹೇಳಿ ಮೈ ಮುಟ್ಟುವುದಕ್ಕೂ, ಹೇಳದೆ ಕೇಳದೆ ಎಳೆದು ಹೊರಳಿಸುವುದಕ್ಕೂ ಇರುವ ಅಂತರ ಮಾತಿಗೆ ಉತ್ತರ ಕೊಡಲಾರದವರಿಗೂ ಗೊತ್ತಾಗುತ್ತದೆ. ನಿವಾಸಿಗಳನ್ನು ಹೆಸರಿನಿಂದಲೋ ಅಜ್ಜ, ಅಜ್ಜಿ ಎಂದೋ ಕರೆಯದೆ ಬೆಡ್ ನಂಬರಿನಿಂದ ಕರೆಯುವ ಕಡೆ ನಾನಾಗಿದ್ದರೆ ನನ್ನವರನ್ನು ಬಿಡಲಾರೆ.

ಹೆಜ್ಜೆ 4: ಊಟದ ಹೊತ್ತಿನಲ್ಲಿ ಹೋಗಿ

ಎರಡನೆಯ ಭೇಟಿ ಮುನ್ಸೂಚನೆಯಿಲ್ಲದೆ, ಊಟದ ಸಮಯಕ್ಕೆ ಆಗಲಿ. ಗೋಡೆಯ ಮೇಲಿನ ಊಟದ ಪಟ್ಟಿಗಿಂತ ತಟ್ಟೆಯಲ್ಲಿ ಏನಿದೆ, ತಟ್ಟೆಯಿಂದ ಹೊಟ್ಟೆಗೆ ಎಷ್ಟು ಹೋಯಿತು ಎಂಬುದು ಮುಖ್ಯ. ಜೋಳದ ರೊಟ್ಟಿ ಉಂಡು ಬೆಳೆದವರಿಗೆ ದಿನವೂ ಬರೀ ಅನ್ನ-ಸಾರು ಕೊಟ್ಟರೆ ಹಸಿವೇ ಕಡಿಮೆಯಾಗುತ್ತದೆ. ಹಲ್ಲಿಲ್ಲದವರ ಮುಂದೆ ಕಟಕ ರೊಟ್ಟಿ ಇಟ್ಟರೆ ತಟ್ಟೆ ಹಾಗೆಯೇ ಹಿಂದಿರುಗುತ್ತದೆ. ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕಲಸಿಕೊಡುವುದು, ನುಚ್ಚಿಗೆ ಮಜ್ಜಿಗೆ ಹಾಕಿಕೊಡುವುದು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಹಾಲು, ಮೊಸರು, ಕಾಳು ಕೊಡುವುದು, ಇಷ್ಟನ್ನು ಯಾವ ಅಡುಗೆಮನೆಯೂ ಮಾಡಬಹುದು.

ಕೈಯಾರೆ ತಿನ್ನಿಸಬೇಕಾದವರು ಎಷ್ಟು ಜನ, ತಿನ್ನಿಸುವ ಕೈಗಳು ಎಷ್ಟು ಎಂದು ಎಣಿಸಿ. ನುಂಗಲು ಕಷ್ಟವಿರುವ ಒಬ್ಬರಿಗೆ ತಿನ್ನಿಸಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಒಬ್ಬ ಆಯಾ ಎಂಟು ಜನರಿಗೆ ತಿನ್ನಿಸಬೇಕಾದರೆ ಆಕೆ ಎಷ್ಟೇ ಒಳ್ಳೆಯವಳಾದರೂ ಅವಸರವಾಗುತ್ತದೆ, ಅನ್ನ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುವ ಅಪಾಯ ಹೆಚ್ಚುತ್ತದೆ. ತಿನ್ನಿಸುವಾಗ ನೆಟ್ಟಗೆ ಕೂರಿಸಬೇಕು, ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ರಾತ್ರಿಯ ಊಟ ಎಷ್ಟು ಗಂಟೆಗೆ ಎಂದೂ ಕೇಳಿ. ಸಂಜೆ ಆರಕ್ಕೆ ಊಟ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಕೊಡುವ ಕಡೆ, ಇನ್ಸುಲಿನ್ ತೆಗೆದುಕೊಳ್ಳುವವರ ಶುಗರ್ ರಾತ್ರಿಯಲ್ಲಿ ಕುಸಿಯಬಹುದು.

ಊಟ ಸಾಲುತ್ತಿದೆಯೇ ಎಂಬುದಕ್ಕೆ ಅತ್ಯಂತ ಪ್ರಾಮಾಣಿಕ ಸಾಕ್ಷಿ ತಿಂಗಳಿಗೊಮ್ಮೆ ಬರೆದ ತೂಕ. ಒಂದು ತಿಂಗಳಲ್ಲಿ ಶೇ. 5ಕ್ಕಿಂತ, ಆರು ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ತೂಕ ತಾನಾಗಿ ಇಳಿದರೆ ವೈದ್ಯರಿಗೆ ತೋರಿಸಲೇಬೇಕು. 60 ಕೆ.ಜಿ. ತೂಗುವವರಿಗೆ ಇದು ತಿಂಗಳಲ್ಲಿ 3 ಕೆ.ಜಿ., ಆರು ತಿಂಗಳಲ್ಲಿ 6 ಕೆ.ಜಿ.

ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವುದನ್ನು ಮರೆಯಬೇಡಿ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಭಾಗದಲ್ಲೂ, ರಾಯಚೂರು ಮತ್ತು ಬಳ್ಳಾರಿಯ ಹಲವು ಕಡೆಗಳಲ್ಲೂ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧೀಕರಣ ಯಂತ್ರವಿದ್ದರೆ ಅದರ ಫಿಲ್ಟರನ್ನು ಕೊನೆಗೆ ಯಾವಾಗ ಬದಲಿಸಿದರು ಎಂದೂ, ನೀರಿನ ಪರೀಕ್ಷಾ ವರದಿ ಇದೆಯೇ ಎಂದೂ ಕೇಳಿ.

ಹೆಜ್ಜೆ 5: ಔಷಧದ ಹಾಳೆ ತೆರೆದು ನೋಡಿ

ಪ್ರತಿಯೊಬ್ಬರ ಮಾತ್ರೆಗಳು ಅವರ ಹೆಸರಿರುವ ಪ್ರತ್ಯೇಕ ಡಬ್ಬಿಯಲ್ಲಿರಬೇಕು. ಕೊಟ್ಟ ಹೊತ್ತು ಮತ್ತು ಕೊಟ್ಟವರ ಸಹಿ ಇರುವ ಹಾಳೆ ಇರಬೇಕು. ಮಧ್ಯಾಹ್ನ ನೀವು ನೋಡುವಾಗಲೇ ರಾತ್ರಿಯ ಮಾತ್ರೆಯ ಕಾಲಂನಲ್ಲಿ ಸಹಿ ಬಿದ್ದಿದ್ದರೆ ಆ ಹಾಳೆಗೆ ಬೆಲೆಯಿಲ್ಲ. ಇನ್ಸುಲಿನ್ ದಾಸ್ತಾನು 2ರಿಂದ 8 ಡಿಗ್ರಿಯ ಫ್ರಿಡ್ಜಿನಲ್ಲಿರಬೇಕು, ಫ್ರೀಜರಿನಲ್ಲಲ್ಲ. ಬಳಕೆಗೆ ತೆಗೆದ ಬಾಟಲಿಯನ್ನು ಹೊರಗಿಡಬಹುದು ಎಂಬ ಮಾತು ರಾಯಚೂರಿನ ಮೇ ತಿಂಗಳಿಗೆ ಅನ್ವಯಿಸುವುದಿಲ್ಲ. ಇಂಜೆಕ್ಷನ್ ಕೊಡುವವರು ನರ್ಸಿಂಗ್ ಓದಿದವರೇ, ವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ ಎಂಬುದನ್ನು ಇಲ್ಲೇ ಕೇಳಿ ಮುಗಿಸಿ.

ಹೆಜ್ಜೆ 6: ಕಟ್ಟಿಹಾಕುತ್ತಾರೆಯೇ, ಮಂಪರು ಬರಿಸುತ್ತಾರೆಯೇ?

ಇದನ್ನು ಕೇಳಲು ಅನೇಕರಿಗೆ ಸಂಕೋಚ. ಆದರೆ ನಿರ್ಲಕ್ಷ್ಯದ ಅತ್ಯಂತ ಕಠೋರ ರೂಪ ಇಲ್ಲೇ ಇರುವುದರಿಂದ ನೇರವಾಗಿ ಕೇಳಬೇಕು. ಮರೆವಿನ ಕಾಯಿಲೆಯವರು ಎದ್ದು ಹೋಗುತ್ತಾರೆಂದು ಹಳೆಯ ಸೀರೆಯಿಂದ ಮಂಚಕ್ಕೆ ಕೈ ಕಟ್ಟುವುದು, ಕೋಣೆಗೆ ಹೊರಗಿನಿಂದ ಚಿಲಕ ಹಾಕುವುದು ಬೀಳುವುದನ್ನು ತಪ್ಪಿಸುವ ಉಪಾಯವಲ್ಲ. ಕಟ್ಟಿದವರು ಬಿಡಿಸಿಕೊಳ್ಳಲು ಹೋಗಿ ಉಸಿರುಗಟ್ಟಿದ, ಬಿದ್ದು ಇನ್ನೂ ಕೆಟ್ಟದಾಗಿ ಗಾಯಗೊಂಡ ಉದಾಹರಣೆಗಳು ಎಲ್ಲ ಕಡೆಯೂ ಇವೆ. ಒಳ್ಳೆಯ ಕಡೆಗಳಲ್ಲಿ ಮಂಚವನ್ನು ತಗ್ಗಿಸುತ್ತಾರೆ, ಬಚ್ಚಲಿನ ದಾರಿಗೆ ರಾತ್ರಿ ದೀಪ ಹಾಕುತ್ತಾರೆ, ಗೋಡೆಗೆ ಹಿಡಿಕೆ ಕೂರಿಸುತ್ತಾರೆ, ಸುತ್ತುಗೋಡೆಯೊಳಗೆ ಸುರಕ್ಷಿತವಾಗಿ ತಿರುಗಾಡಲು ಬಿಡುತ್ತಾರೆ.

ಔಷಧದಿಂದ ಕಟ್ಟಿಹಾಕುವುದು ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೂ ಇಡೀ ಕೋಣೆ ತೂಕಡಿಸುತ್ತಿದ್ದರೆ ಕಾರಣ ಕೇಳಿ. ಮರೆವಿನ ಕಾಯಿಲೆಯ ಹಿರಿಯರಿಗೆ ಮನೋರೋಗದ ಕೆಲವು ಮಾತ್ರೆಗಳನ್ನು ಕೊಟ್ಟಾಗ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚುತ್ತದೆ ಎಂಬುದು ಸಾಬೀತಾದ ಸಂಗತಿ. ವೈದ್ಯರ ಲಿಖಿತ ಸೂಚನೆ, ಕುಟುಂಬದ ತಿಳಿವಳಿಕೆ, ನಿಲ್ಲಿಸುವ ಅವಧಿ ಈ ಮೂರೂ ಇಲ್ಲದೆ ಅವನ್ನು ಕೊಡಕೂಡದು. ನಿನ್ನೆಯವರೆಗೆ ಸರಿಯಿದ್ದವರು ಇಂದು ಇದ್ದಕ್ಕಿದ್ದಂತೆ ಗೊಂದಲಗೊಂಡು ಕೂಗಾಡಿದರೆ ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಸೋಡಿಯಂ ಕುಸಿತ ಅಥವಾ ನೋವು ಕಾರಣವಾಗಿರಬಹುದು. "ಹಾಗಾದಾಗ ನೀವು ಮೊದಲು ಏನು ಮಾಡುತ್ತೀರಿ?" ಎಂದು ಸಿಸ್ಟರ್ ಒಬ್ಬರನ್ನು ಕೇಳಿ. ನಿದ್ದೆ ಮಾತ್ರೆ ಕೊಡುತ್ತೇವೆ ಎಂಬುದು ತಪ್ಪು ಉತ್ತರ.

ಹೆಜ್ಜೆ 7: ರಾತ್ರಿ

ಸಾಧ್ಯವಾದರೆ ರಾತ್ರಿ ಒಂಬತ್ತರ ಸುಮಾರಿಗೆ ಒಮ್ಮೆ ಹೋಗಿ. ಎಷ್ಟು ಜನ ಸಿಬ್ಬಂದಿ ಎಚ್ಚರವಿದ್ದು ಕೆಲಸ ಮಾಡುತ್ತಾರೆ ಎಂಬುದು ಪ್ರಶ್ನೆ, ಎಷ್ಟು ಜನ ಅಲ್ಲೇ ಮಲಗುತ್ತಾರೆ ಎಂಬುದಲ್ಲ. ಮುಖ್ಯ ಬಾಗಿಲಿನ ಬೀಗದ ಕೈ ಯಾರ ಬಳಿ ಇರುತ್ತದೆ, ಬೆಂಕಿ ಹತ್ತಿದರೆ ನಡೆಯಲಾರದವರನ್ನು ಯಾವ ಬಾಗಿಲಿನಿಂದ ಹೊರಗೆ ತರುತ್ತಾರೆ ಎಂದು ತಿಳಿದುಕೊಳ್ಳಿ. ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಈ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಯಾವುದು ಅಲ್ಲಿಂದ ಎಷ್ಟು ದೂರ, ಆಸ್ಪತ್ರೆಗೆ ಜೊತೆಯಲ್ಲಿ ಯಾರು ಹೋಗುತ್ತಾರೆ ಎಂಬುದೂ ಗೊತ್ತಿರಲಿ. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೆಲಸ ಮಾಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಮಾತ್ರ. ರಾತ್ರಿ ಯಾರೂ ನೋಡದೆ ಬೆಳಿಗ್ಗೆ ಪತ್ತೆಯಾದರೆ ಆ ಅವಕಾಶ ಕೈತಪ್ಪುತ್ತದೆ.

ಹೆಜ್ಜೆ 8: ಬೇಸಿಗೆಯ ಸಿದ್ಧತೆ

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗಳಿಗೆ ಇದು ವಿಶೇಷ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ; ಬಿಪಿ ಮತ್ತು ಹೃದಯಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ಇನ್ನೂ ಕಳೆಯುತ್ತವೆ. ಆದ್ದರಿಂದ ಕೇಳಿದಾಗ ಕೊಡುತ್ತೇವೆ ಎಂಬ ವ್ಯವಸ್ಥೆ ಸಾಲದು, ಹೊತ್ತು ಹೊತ್ತಿಗೆ ಕೈಗಿಟ್ಟು ಕುಡಿಸಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಷ್ಟು ನೀರು ಎಂಬುದನ್ನು ವೈದ್ಯರೇ ಬರೆದುಕೊಟ್ಟಿರಬೇಕು. ತಗಡಿನ ಛಾವಣಿಯ ಕೆಳಗೆ ಅಥವಾ ಮೇಲಿನ ಮಹಡಿಯಲ್ಲಿ ಹಾಸಿಗೆ ಹಿಡಿದವರನ್ನು ಇಟ್ಟಿದ್ದರೆ ಬೇಡವೆನ್ನಿ. ಕೋಣೆಯ ಗಾಳಿಯೇ 40 ಡಿಗ್ರಿ ಮೀರಿದಾಗ ಬರೀ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ಏರ್ ಕೂಲರ್ ಇದ್ದರೆ ಕಿಟಕಿ ತೆರೆದಿರಬೇಕು, ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಖಾಲಿ ಮಾಡಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆ. ಕರೆಂಟು ಹೋದಾಗ ಇನ್ವರ್ಟರ್ ಎಷ್ಟು ಗಂಟೆ ಎಳೆಯುತ್ತದೆ ಎಂಬ ಪ್ರಶ್ನೆಯೂ ಇದರೊಳಗೇ ಸೇರುತ್ತದೆ.

ಹೆಜ್ಜೆ 9: ಒಪ್ಪಂದ ಮತ್ತು ಹಣ

ತಿಂಗಳ ಶುಲ್ಕದಲ್ಲಿ ಏನೇನು ಸೇರಿದೆ, ಡೈಪರ್, ಔಷಧ, ಫಿಸಿಯೋಥೆರಪಿ, ಆಸ್ಪತ್ರೆಯ ಖರ್ಚು ಯಾರದು, ಠೇವಣಿ ಯಾವಾಗ ಹಿಂದಿರುಗುತ್ತದೆ, ಎಷ್ಟು ದಿನ ಮೊದಲು ತಿಳಿಸಿ ಬಿಡಬಹುದು ಎಂಬುದೆಲ್ಲ ಬರಹದಲ್ಲಿರಲಿ. ಪಾಸ್‌ಬುಕ್, ಎಟಿಎಂ ಕಾರ್ಡ್, ಮೂಲ ಆಧಾರ್ ಕಾರ್ಡುಗಳನ್ನು ಆಶ್ರಮದ ವಶಕ್ಕೆ ಕೊಡಬೇಡಿ. ಸರ್ಕಾರಿ ಪಿಂಚಣಿದಾರರಾದರೆ ಪ್ರತಿ ನವೆಂಬರಿನ ಜೀವಿತ ಪ್ರಮಾಣಪತ್ರಕ್ಕೆ ಯಾರು ನೆರವಾಗುತ್ತಾರೆ ಎಂದು ಕೇಳಿ.

ಆಸ್ತಿ ಬರೆದುಕೊಟ್ಟರೆ ಕೊನೆಯವರೆಗೂ ನೋಡಿಕೊಳ್ಳುತ್ತೇವೆ ಎಂಬ ಮಾತು ಬಂದರೆ ಅವಸರ ಬೇಡ. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದಾಗ ರದ್ದುಪಡಿಸಲು ನ್ಯಾಯಮಂಡಳಿಗೆ ಹೋಗಬಹುದು. ಅದಕ್ಕಾಗಿ ಷರತ್ತು ಪತ್ರದಲ್ಲೇ ಸ್ಪಷ್ಟವಾಗಿ ಬರೆದಿರುವುದು ಕ್ಷೇಮ. ಬಾಯಿಮಾತಿನ ಭರವಸೆಯನ್ನು ನಂಬಿ ಯಾವ ಹಿರಿಯರೂ ಸಹಿ ಹಾಕದಂತೆ ನೋಡಿಕೊಳ್ಳಿ.

ಹೆಜ್ಜೆ 10: ಸೇರಿಸಿದ ದಿನದಿಂದ

ಸೇರಿಸುವ ದಿನವೇ ಸಿಸ್ಟರ್ ಜೊತೆ ನಿಂತು ತಲೆಯಿಂದ ಕಾಲಿನವರೆಗೆ ಮೈ ಪರೀಕ್ಷಿಸಿ, ಇರುವ ಗಾಯ, ಹುಣ್ಣು, ತೂಕವನ್ನು ಬರೆದು ಇಬ್ಬರೂ ಸಹಿ ಹಾಕಿ. ಮುಂದೆ ಯಾವುದು ಮೊದಲೇ ಇತ್ತು, ಯಾವುದು ನಂತರ ಆಯಿತು ಎಂಬ ವಾದಕ್ಕೆ ಅವಕಾಶವಿರುವುದಿಲ್ಲ. ಇದರಿಂದ ಸಂಸ್ಥೆಗೂ ರಕ್ಷಣೆ.

ಹೊಸ ಜಾಗದಲ್ಲಿ ಮೊದಲ ಕೆಲವು ವಾರ ಅಳು, ಸಿಟ್ಟು, ಊಟ ಬೇಡವೆನ್ನುವುದು ಇದ್ದೇ ಇರುತ್ತದೆ. ಆದರೆ ನಿರ್ದಿಷ್ಟ ಸಿಬ್ಬಂದಿಯೊಬ್ಬರು ಒಳಬಂದೊಡನೆ ಮಾತು ನಿಲ್ಲಿಸುವುದು, ಎರಡೂ ತೋಳುಗಳ ಮೇಲೆ ಹಿಡಿದ ಗುರುತಿನಂಥ ಕಂದು ಕಲೆಗಳು, ಯಾರೂ ವಿವರಿಸಲಾರದ ಗಾಯ, ಇವನ್ನು ಹೊಂದಿಕೊಳ್ಳುವ ಕಷ್ಟವೆಂದು ತಳ್ಳಿಹಾಕಬಾರದು. ದೂರದಲ್ಲಿರುವ ಮಕ್ಕಳು ವಿಡಿಯೋ ಕರೆಯಲ್ಲಿ ಮುಖ ಮಾತ್ರ ನೋಡದೆ, ಹಿಮ್ಮಡಿ ತೋರಿಸಿ, ಈ ತಿಂಗಳ ತೂಕದ ಪುಟ ತೋರಿಸಿ ಎಂದು ಕೇಳಲಿ. ಊರಲ್ಲಿರುವ ಅಕ್ಕನನ್ನೋ ಅಳಿಯನನ್ನೋ ಬೇರೆ ಬೇರೆ ಹೊತ್ತಿನಲ್ಲಿ ಕಳಿಸಿ.

ತೊಂದರೆ ಕಂಡರೆ ಮೊದಲು ವ್ಯವಸ್ಥಾಪಕರಿಗೆ ಲಿಖಿತವಾಗಿ ತಿಳಿಸಿ, ಪ್ರತಿಗೆ ಸ್ವೀಕೃತಿ ಪಡೆಯಿರಿ. ಸರಿಹೋಗದಿದ್ದರೆ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ದೂರು ಕೊಡಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು. ಹೊಡೆತ, ಕಟ್ಟಿಹಾಕಿದ್ದು ಕಂಡರೆ ಕಾಯದೆ 112ಕ್ಕೆ ಕರೆ ಮಾಡಿ. ಹಿರಿಯರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಅವರನ್ನು ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದರೆ, ಅದೇ 2007ರ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ 3 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಆಶ್ರಮಕ್ಕೆ ಸೇರಿಸಿ ಫೋನ್ ನಂಬರ್ ಬದಲಿಸಿಕೊಳ್ಳುವ ಮಕ್ಕಳೂ ಇದನ್ನು ತಿಳಿದಿರಬೇಕು.

ಬೇರೆ ಕಡೆಗೆ ಸ್ಥಳಾಂತರಿಸಲು ನಿರ್ಧರಿಸಿದರೆ, ಹೊರಡುವ ಮೊದಲು ಔಷಧದ ಹಾಳೆ, ತೂಕದ ಪುಟ, ವೈದ್ಯರ ಟಿಪ್ಪಣಿ ಇವುಗಳ ಪ್ರತಿ ಮತ್ತು ಉಳಿದ ಮಾತ್ರೆಗಳನ್ನು ಕೇಳಿ ಪಡೆಯಿರಿ. ಗಾಯವೇನಾದರೂ ಇದ್ದರೆ ದಿನಾಂಕ ಸಹಿತ ಫೋಟೋ ತೆಗೆದು, ದಾರಿಯಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿಯಲ್ಲಿ ಬರೆಸಿಕೊಂಡು, ನಂತರ ಹೊಸ ಕಡೆಗೆ ಕರೆದೊಯ್ಯಿರಿ.